ಅರವತ್ತೊಂದರಲ್ಲಿ ಮೊದಲ ಓಟ

ಮನುಷ್ಯನಿಗೆ ಕೆಲವು ಪಾಠಗಳು ಗುರುವಿನಿಂದ ದೊರೆಯುತ್ತವೆ, ಕೆಲವು ಗ್ರಂಥಗಳಿಂದ ದೊರೆಯುತ್ತವೆ, ಇನ್ನು ಕೆಲವು ತೀರ ತಡವಾಗಿ, ತನ್ನ ಮಕ್ಕಳಿಂದಲೇ ದೊರೆಯುತ್ತವೆ. ಮೂರನೆಯ ಬಗೆಯ ಪಾಠವೊಂದನ್ನು ನಾನು ನನ್ನ 61ನೆಯ ವಯಸ್ಸಿನಲ್ಲಿ, ಬೆಂಗಳೂರಿನ ಡಾಂಬರು ರಸ್ತೆಯ ಮೇಲೆ, ಏದುಸಿರು ಬಿಡುತ್ತ ಕಲಿತೆ. ಅದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಇದರಲ್ಲಿ ನನ್ನ ಸಾಧನೆಯೆಂಬುದು ಅತ್ಯಲ್ಪ. ತಪ್ಪಿನ ನಿವೇದನೆಯೇ ಹೆಚ್ಚು.

ನಾನು ಓದಿ ಬೆಳೆದದ್ದು ಮಠದ ಆಶ್ರಯದಲ್ಲಿ. ಬೆಳಗಿನ ಜಾವ ಎದ್ದು, ತಣ್ಣೀರು ಮಿಂದು, ಪಾಠಕ್ಕೆ ಕುಳಿತರೆ ಮಧ್ಯಾಹ್ನದವರೆಗೂ ಕುಳಿತೇ ಇರುತ್ತಿದ್ದೆವು. ವ್ಯಾಕರಣ, ಕಾವ್ಯ, ಶಾಸ್ತ್ರ ಇವೆಲ್ಲವೂ ಕುಳಿತು ಸಾಧಿಸುವ ವಿದ್ಯೆಗಳು. ಮುಂದೆ ಅಧ್ಯಾಪಕನಾಗಿ, ಹಸ್ತಪ್ರತಿಗಳ ಸಂಪಾದಕನಾಗಿ ಕಳೆದ ಮೂರೂವರೆ ದಶಕಗಳೂ ಕುಳಿತೇ ಕಳೆದವು. ವಿದ್ವಾಂಸನಾದವನು ನಿಧಾನವಾಗಿ ನಡೆಯಬೇಕು, ಓಡುವುದು ಅವಿನಯ ಎಂಬ ಭಾವನೆ ನನ್ನಲ್ಲಿ ಯಾರೂ ಹೇಳಿಕೊಡದೆಯೇ ಬೇರೂರಿತ್ತು. ಬಸ್ಸು ತಪ್ಪಿಹೋಗುತ್ತಿದ್ದರೂ ಓಡಿದವನಲ್ಲ. ಇಂತಹ ನಾನು 2019ರ ಮೇ 19ರಂದು ಬೆಂಗಳೂರಿನಲ್ಲಿ ಸಹಸ್ರಾರು ಜನರ ನಡುವೆ ಎದೆಗೆ ಅಂಕಿಯ ಚೀಟಿ ಚುಚ್ಚಿಕೊಂಡು 10 ಕಿಲೋಮೀಟರು ಓಡಿದೆನೆಂದರೆ ನನ್ನ ಹಳೆಯ ಸಹಪಾಠಿಗಳು ಇಂದಿಗೂ ನಂಬುವುದಿಲ್ಲ.

ಒಂದು ಹಳೆಯ ಪ್ರಸಂಗ

ಕಥೆ ಆರಂಭವಾಗುವುದು ಅದಕ್ಕೂ 24 ವರ್ಷ ಹಿಂದೆ, 1995ರಲ್ಲಿ. ನನ್ನ ಹಿರಿಯ ಮಗಳಿಗೆ ಆಗ 13 ವರ್ಷ. ಅವಳು ಶಾಲೆಯಲ್ಲಿ ಓಡುತ್ತಾಳೆಂಬುದು ನನಗೆ ತಿಳಿದಿತ್ತು. ಆದರೆ ಅದನ್ನು ನಾನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಆ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ 800 ಮೀಟರು ಓಟದಲ್ಲಿ ಅವಳು ಮೊದಲನೆಯವಳಾದಳು. ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಯಿತು. ಅದಕ್ಕಾಗಿ ಬೇರೆ ಊರಿಗೆ ಹೋಗಿ ಎರಡು ರಾತ್ರಿ ತಂಗಬೇಕಾಗಿತ್ತು. ಅವಳ ದೈಹಿಕ ಶಿಕ್ಷಕರು ಸ್ವತಃ ಮನೆಗೆ ಬಂದರು. ಶಿಕ್ಷಕಿಯೊಬ್ಬರೂ ಜೊತೆಗೆ ಬರುವರೆಂದು ಭರವಸೆ ಕೊಟ್ಟರು. ನಾನು ಅವರನ್ನು ಆದರದಿಂದ ಕೂರಿಸಿ, ಚಹ ಕೊಟ್ಟು, ‘ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿದೆ’ ಎಂದು ಹೇಳಿ ಕಳುಹಿಸಿಬಿಟ್ಟೆ.

ಪರೀಕ್ಷೆ ಒಂದು ನೆಪವಾಗಿತ್ತು. ಹೆಣ್ಣುಮಗಳು ಚಡ್ಡಿ ತೊಟ್ಟು ಪರವೂರಿನ ಮೈದಾನದಲ್ಲಿ ಓಡಿದರೆ ಜನ ಏನೆಂದಾರು ಎಂಬ ಅಳುಕೇ ನಿಜವಾದ ಕಾರಣ. ಮಗಳು ಅಳಲಿಲ್ಲ, ವಾದಿಸಲಿಲ್ಲ. ತನ್ನ ಬಿಳಿಯ ಕ್ಯಾನ್ವಾಸ್ ಬೂಟುಗಳನ್ನು ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಮರುದಿನದಿಂದ ಓಟದ ಮಾತೆತ್ತಲಿಲ್ಲ. ನಾನು ಅದನ್ನು ವಿಧೇಯತೆಯೆಂದು ತಿಳಿದು ಸಂತೋಷಪಟ್ಟೆ. ಕೆಲವು ದಿನಗಳಲ್ಲಿ ಮರೆತೂಬಿಟ್ಟೆ.

ಆಕೆ ಓದಿ, ಬೆಂಗಳೂರಿನಲ್ಲಿ ಉದ್ಯೋಗ ಹಿಡಿದು, ಮದುವೆಯಾಗಿ ಎರಡು ಮಕ್ಕಳ ತಾಯಿಯಾದಳು. 35 ದಾಟಿದ ಮೇಲೆ ತನ್ನ ಬಡಾವಣೆಯ ಗೆಳತಿಯರೊಡನೆ ಬೆಳಗಿನ ಹೊತ್ತು ಮತ್ತೆ ಓಡತೊಡಗಿದಳೆಂದು ಕೇಳಿದ್ದೆ. ನಾನೇನೂ ಅನ್ನಲಿಲ್ಲ. ಅನ್ನುವ ಅಧಿಕಾರವೂ ಆಗ ನನ್ನದಾಗಿರಲಿಲ್ಲ.

ಸಂಕ್ರಾಂತಿಯ ಮಾತು

2019ರ ಸಂಕ್ರಾಂತಿಗೆ ಮಗಳು ಧಾರವಾಡಕ್ಕೆ ಬಂದಳು. ಅದೇ ತಿಂಗಳು ನನ್ನ ರಕ್ತಪರೀಕ್ಷೆಯಾಗಿ, ಸಕ್ಕರೆಯ ಅಂಶ ಏರಿದೆಯೆಂದು ವೈದ್ಯರು ಗುಳಿಗೆ ಆರಂಭಿಸಿದ್ದರು. ‘ನಡೆಯಿರಿ, ಕುಳಿತೇ ಇರಬೇಡಿ’ ಎಂಬುದು ಅವರ ಮೊದಲ ಉಪದೇಶವಾಗಿತ್ತು. ಮಗಳು ಎಳ್ಳು-ಬೆಲ್ಲ ಕೊಡುತ್ತ, ‘ಅಪ್ಪಾ, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರಿನ ಓಟವಿದೆ. ನಾಲ್ಕು ತಿಂಗಳ ಅವಧಿ ಇದೆ. ನನ್ನ ಜೊತೆ ಬರುತ್ತೀರಾ?’ ಎಂದಳು.

ನಾನು ನಕ್ಕು, ‘ಈ ವಯಸ್ಸಿನಲ್ಲಿ ಓಟವೇ? ಜನ ಏನೆಂದಾರು?’ ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮನೆಯವರು ಸಾಮಾನ್ಯವಾಗಿ ನನ್ನ ಮಾತಿಗೆ ಎದುರಾಡುವವರಲ್ಲ. ಅಂದು ಮಾತ್ರ ಹೇಳಿದರು: ‘ಅಂದು ಅವಳು ಹುಡುಗಿ ಎಂದು ಬೇಡವೆಂದಿರಿ. ಇಂದು ನೀವು ಮುದುಕರೆಂದು ಬೇಡವೆನ್ನುತ್ತೀರಿ. ಈ ಮನೆಯಲ್ಲಿ ಓಡುವುದಕ್ಕೆ ಯಾವ ವಯಸ್ಸು ಸರಿ ಎಂಬುದನ್ನು ಒಮ್ಮೆ ಹೇಳಿಬಿಡಿ.’

ಮಗಳು ತಲೆ ತಗ್ಗಿಸಿದಳು. ಅವಳು ಮರೆತಿಲ್ಲವೆಂಬುದು ನನಗೆ ಆಗ ತಿಳಿಯಿತು. ಆಕೆಗೆ ಬೇಡವೆಂದಾಗ ನನಗೆ 37 ವರ್ಷ. ಈಗ ನನ್ನೆದುರು ಕುಳಿತಿದ್ದ ಆಕೆಗೂ 37 ವರ್ಷ. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಬೆಳಿಗ್ಗೆ ಎದ್ದು, ‘ಹೆಸರು ಬರೆಸು’ ಎಂದೆ.

ನಾಲ್ಕು ತಿಂಗಳ ಅಭ್ಯಾಸ

ಓಟದ ವಿದ್ಯೆಯೂ ಒಂದು ಶಾಸ್ತ್ರವೇ. ಅದಕ್ಕೂ ಕ್ರಮವಿದೆ, ಅಧಿಕಾರಭೇದವಿದೆ ಎಂಬುದು ನಾನು ಕಂಡುಕೊಂಡ ಮೊದಲ ಸಂಗತಿ. ಮೊದಲನೆಯದಾಗಿ ವೈದ್ಯರ ಅನುಮತಿ ಪಡೆದೆ. ಅವರು ಹೃದಯದ ವಿದ್ಯುತ್ ಚಿತ್ರ ತೆಗೆಸಿ, ಚಲಿಸುವ ಪಟ್ಟಿಯ ಮೇಲೆ ನಡೆಸಿ ಪರೀಕ್ಷಿಸುವ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸಿದರು. ಐವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮನೆತನದಲ್ಲಿ ಹೃದ್ರೋಗವಿರುವವರು ಈ ಹೆಜ್ಜೆಯನ್ನು ಬಿಡಲೇಬಾರದು. ಸಕ್ಕರೆ ಕಾಯಿಲೆಯ ಕೆಲವು ಔಷಧಗಳನ್ನು ಸೇವಿಸುವವರಿಗೆ ಓಟದ ನಡುವೆ ಸಕ್ಕರೆ ಥಟ್ಟನೆ ಇಳಿಯುವ ಅಪಾಯವಿರುವುದರಿಂದ ಜೇಬಿನಲ್ಲಿ ಬೆಲ್ಲದ ತುಂಡೋ ಗ್ಲೂಕೋಸ್ ಬಿಲ್ಲೆಯೋ ಇರಬೇಕೆಂದು ವೈದ್ಯರು ಎಚ್ಚರಿಸಿದರು.

ಎರಡನೆಯದು ಪಾದರಕ್ಷೆ. ನಡಿಗೆಗೂ ಓಟಕ್ಕೂ ಇರುವ ಮುಖ್ಯ ಭೇದವೆಂದರೆ, ನಡೆಯುವಾಗ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರುತ್ತದೆ; ಓಡುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಎರಡೂ ಪಾದಗಳು ನೆಲಬಿಟ್ಟಿರುತ್ತವೆ. ಹಾಗೆ ನೆಲಕ್ಕಿಳಿಯುವ ಪಾದದ ಮೇಲೆ ಬೀಳುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ಆದ್ದರಿಂದ ಮೆತ್ತನೆಯ ಅಡಿಯುಳ್ಳ, ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗವಿರುವ ಓಟದ ಬೂಟು ಬೇಕು. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುವುದರಿಂದ ಸಂಜೆಯೇ ಹೋಗಿ ಅಳತೆ ನೋಡಬೇಕು.

ಮೂರನೆಯದು ಕ್ರಮ. ಮೊದಲ ದಿನ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಯಾರೂ ನೋಡದಿರಲೆಂದು ಮಬ್ಬುಗತ್ತಲಲ್ಲೇ ಹೋಗಿ ಓಡಲು ಹೊರಟೆ. ಒಂದು ನಿಮಿಷವೂ ತುಂಬುವ ಮೊದಲೇ ಎದೆ ಬಡಿದುಕೊಂಡು ನಿಂತುಬಿಟ್ಟೆ. ನನ್ನ ಪಾಂಡಿತ್ಯವೆಲ್ಲ ಸೇರಿ 150 ಮೀಟರು ಬಾಳಲಿಲ್ಲ. ದೂರವಾಣಿಯಲ್ಲಿ ಮಗಳಿಗೆ ಹೇಳಿದಾಗ ಅವಳು ನಗದೆ ಒಂದು ಪದ್ಧತಿಯನ್ನು ತಿಳಿಸಿದಳು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಹತ್ತು ಬಾರಿ. ಅದು ಸುಲಭವಾದ ಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರು ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೇ ಎಂಬವರು ಈ ಓಟ-ನಡಿಗೆಯ ಪದ್ಧತಿಯನ್ನು ಸಾಮಾನ್ಯ ಜನರಲ್ಲಿ ಪ್ರಚುರಪಡಿಸಿದವರು. ನಡುವೆ ನಡೆಯುವುದು ಸೋಲಲ್ಲ, ಅದು ಉಪಾಯ ಎಂಬುದು ಅವರ ತಿರುಳು. ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮುನ್ನವೇ ನಡೆಯಬೇಕು.

ವೇಗ ಸರಿಯಾಗಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಓಡುತ್ತ ಒಂದು ಪೂರ್ಣ ವಾಕ್ಯವನ್ನು ಆಡಲು ಸಾಧ್ಯವಾದರೆ ವೇಗ ಹಿತವಾಗಿದೆ. ವಾಕ್ಯ ನಡುವೆ ತುಂಡಾದರೆ ವೇಗ ಹೆಚ್ಚಾಗಿದೆ. ನಾನು ಬಾಯಿಪಾಠವಾಗಿದ್ದ ಶ್ಲೋಕಗಳನ್ನು ಹೇಳಿಕೊಳ್ಳುತ್ತ ಓಡುತ್ತಿದ್ದೆ. ಛಂದಸ್ಸು ಮುರಿದರೆ ನಡಿಗೆಗಿಳಿಯುತ್ತಿದ್ದೆ. ಐವತ್ತು ವರ್ಷ ಹಿಂದೆ ಕಲಿತದ್ದು ಇಂತಹ ಪ್ರಯೋಜನಕ್ಕೂ ಬರುವುದೆಂದು ನನ್ನ ಗುರುಗಳು ಊಹಿಸಿರಲಾರರು.

ವಾರಕ್ಕೆ ನಾಲ್ಕು ದಿನ ಅಭ್ಯಾಸ, ಉಳಿದ ದಿನ ವಿಶ್ರಾಂತಿ. ಒಂದು ವಾರದಿಂದ ಮುಂದಿನ ವಾರಕ್ಕೆ ದೂರವನ್ನು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಸಬಾರದೆಂಬುದು ಓಟಗಾರರಲ್ಲಿ ರೂಢಿಯಲ್ಲಿರುವ ಮಿತಿ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಆದರೆ ಎಲುಬು, ಸ್ನಾಯುಬಂಧಗಳು ಗಟ್ಟಿಯಾಗಲು ತಿಂಗಳುಗಳು ಬೇಕು. ಉತ್ಸಾಹಿಗಳು ಗಾಯಗೊಳ್ಳುವುದು ಈ ಅಂತರದಲ್ಲಿಯೇ. ಮಾರ್ಚಿಯಲ್ಲಿ ನಾನೂ ಅವಸರಪಟ್ಟು ವಿಶ್ವವಿದ್ಯಾನಿಲಯದ ಏರನ್ನು ಎರಡು ಬಾರಿ ಹತ್ತಿ, ಮೊಳಕಾಲ ಕೆಳಗಿನ ಎಲುಬಿನ ನೋವಿನಿಂದ ಹತ್ತು ದಿನ ಮನೆಯಲ್ಲಿ ಕುಳಿತೆ. ಏಪ್ರಿಲಿನ ಬಿಸಿಲು ಏರುವ ಹೊತ್ತಿಗೆ ಕೆಲಗೇರಿ ಕೆರೆಯ ದಂಡೆಯಲ್ಲಿ ಓಟ-ನಡಿಗೆ ಸೇರಿ 7 ಕಿಲೋಮೀಟರು ಪೂರೈಸುತ್ತಿದ್ದೆ.

ನೋಡಿ ನಕ್ಕವರಿದ್ದರೇ ಎಂದು ಕೇಳಬಹುದು. ಇದ್ದರು. ಇಬ್ಬರು. ಹಾಲಿನವನು ಮಾತ್ರ, ‘ಯಾಕ್ರೀ ಸರ, ಏನಾತ್ರೀ?’ ಎಂದು ಗಾಬರಿಯಿಂದ ಸೈಕಲ್ಲು ನಿಲ್ಲಿಸಿದ. ನಾಲ್ಕು ದಶಕ ನಾನು ಹೆದರಿಕೊಂಡಿದ್ದ ‘ಜನ’ ಎಂದರೆ ಇಷ್ಟೇ.

ಓಡಲು ತಡೆಯಲ್ಪಟ್ಟವರು

ಅಭ್ಯಾಸದ ದಿನಗಳಲ್ಲಿ, ಹಳೆಯ ಚಾಳಿಯಂತೆ, ಓಟದ ಇತಿಹಾಸವನ್ನು ಓದಲು ಕುಳಿತೆ. ಅಲ್ಲಿ ನನ್ನದೇ ತಪ್ಪು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಓಟದ ಸ್ಪರ್ಧೆಗಳು ಮೊದಲು ದೊರೆತದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಅಲ್ಲಿ 800 ಮೀಟರು ಓಟವನ್ನು ಜರ್ಮನಿಯ ಲೀನಾ ರಾಡ್ಕೆ ಗೆದ್ದರು. ಜಪಾನಿನ ಕಿನುಎ ಹಿಟೊಮಿ ಎರಡನೆಯವರಾದರು. ಓಟ ಮುಗಿದ ಮೇಲೆ ಕೆಲವರು ದಣಿದು ನೆಲಕ್ಕೊರಗಿದರು. ಗಂಡಸರೂ ಹಾಗೆ ಒರಗುವುದುಂಟು. ಆದರೆ ಪತ್ರಿಕೆಗಳು ಅದನ್ನು ಉತ್ಪ್ರೇಕ್ಷಿಸಿ, ಸ್ತ್ರೀದೇಹಕ್ಕೆ ಇದು ಸಲ್ಲದೆಂದು ಬರೆದವು. ಪರಿಣಾಮವಾಗಿ ಮಹಿಳೆಯರ 800 ಮೀಟರು ಓಟ ಒಲಿಂಪಿಕ್ಸ್‌ನಿಂದ ಮಾಯವಾಗಿ, ಮರಳಿ ಬಂದದ್ದು 1960ರ ರೋಮ್ ಕೂಟದಲ್ಲಿ. 32 ವರ್ಷಗಳ ಕಾಲ ಒಂದು ತಲೆಮಾರಿಗೂ ಮಿಕ್ಕ ಹೆಣ್ಣುಮಕ್ಕಳು ಆ ದೂರವನ್ನು ಅಲ್ಲಿ ಓಡಲಿಲ್ಲ. ನನ್ನ ಮಗಳು ಓಡಬೇಕಾಗಿದ್ದುದೂ ಅದೇ 800 ಮೀಟರು.

1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ವಿದ್ಯಾರ್ಥಿನಿ ಅಂಕಿಯ ಚೀಟಿ ಧರಿಸಿ ಓಡುತ್ತಿದ್ದಾಗ, ಓಟದ ಅಧಿಕಾರಿಯೊಬ್ಬರು ಬೆನ್ನಟ್ಟಿ ಬಂದು ಆ ಚೀಟಿಯನ್ನು ಕೀಳಲು ಯತ್ನಿಸಿದರು. ಆಕೆ ಓಟವನ್ನು ಪೂರ್ಣಗೊಳಿಸಿದರು. ಅಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ದೊರೆತದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಆರಂಭವಾದದ್ದು 1984ರ ಲಾಸ್ ಏಂಜಲೀಸ್ ಕೂಟದಲ್ಲಿ. ಅದೇ ಕೂಟದ 400 ಮೀಟರು ಹರ್ಡಲ್ಸ್‌ನಲ್ಲಿ ನಮ್ಮ ಪಿ. ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚನ್ನು ಕಳೆದುಕೊಂಡರು. ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಅವರ ಹೆಸರು ಆ ದಶಕದ ಕೊನೆಯಲ್ಲಿ ಕರ್ನಾಟಕದ ಮನೆಮಾತಾಗಿತ್ತು. ಇವೆಲ್ಲ ನಡೆದ ಮೇಲೂ, 1995ರಲ್ಲಿ, ಓದು ಬಲ್ಲ ನಾನು ಆ ಶಿಕ್ಷಕರನ್ನು ಹಿಂದಕ್ಕೆ ಕಳುಹಿಸಿದೆ. ಬಾಸ್ಟನ್ನಿನ ಅಧಿಕಾರಿ ಬೀದಿಯಲ್ಲಿ ಬಲದಿಂದ ಮಾಡಹೋಗಿ ಸೋತದ್ದನ್ನು ನಾನು ಮನೆಯಲ್ಲಿ ಕುಳಿತು ಮೃದುಮಾತಿನಿಂದ ಮಾಡಿ ಗೆದ್ದಿದ್ದೆ. ಯಾವುದು ಹೆಚ್ಚು ಕ್ರೂರವೆಂದು ನಿರ್ಣಯಿಸುವುದು ಕಷ್ಟ.

ಓಟದ ದಿನ

ಬೆಂಗಳೂರಿನ ಈ 10 ಕಿಲೋಮೀಟರು ಓಟ 2008ರಲ್ಲಿ ಆರಂಭವಾದದ್ದು. ಟಿಸಿಎಸ್ ವರ್ಲ್ಡ್ 10ಕೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಇದರಲ್ಲಿ ಜಗತ್ತಿನ ಶ್ರೇಷ್ಠ ಓಟಗಾರರಿಗೆ ಒಂದು ಸ್ಪರ್ಧೆ, ಸಾಮಾನ್ಯ ಜನರಿಗೆ ಮುಕ್ತ ಓಟ, ವಿನೋದಕ್ಕಾಗಿ ‘ಮಜ್ಜಾ’ ಓಟ, ಹಿರಿಯ ನಾಗರಿಕರಿಗೆ ಹಾಗೂ ಅಂಗವಿಕಲರಿಗೆ ಬೇರೆ ಬೇರೆ ವಿಭಾಗಗಳು ಇರುತ್ತವೆ. ಹಿರಿಯರ ವಿಭಾಗದ ದೂರ ಕಡಿಮೆ. ಅದನ್ನೇ ಆರಿಸಿಕೊಳ್ಳಬಹುದಾಗಿತ್ತು, ಹೊಸಬರಿಗೆ ನಾನು ಸೂಚಿಸುವುದೂ ಅದನ್ನೇ. ಆದರೆ ಮಗಳ ಜೊತೆಗೇ ಓಡಬೇಕೆಂದು ನಾನು ಮುಕ್ತ ಓಟಕ್ಕೆ ಸೇರಿದೆ.

ನಸುಕಿನಲ್ಲಿ ಕಂಠೀರವ ಕ್ರೀಡಾಂಗಣದ ಬಳಿ ಜನಸಾಗರ. ತಂದೆ-ಮಗ, ಅತ್ತೆ-ಸೊಸೆ, ಕಚೇರಿಯ ತಂಡಗಳು, ಸೀರೆಯುಟ್ಟು ಓಡಲು ಬಂದ ತಾಯಂದಿರು. ಎಲ್ಲರ ಎದೆಯ ಮೇಲೂ ನಾಲ್ಕು ಪಿನ್ನುಗಳಿಂದ ಚುಚ್ಚಿದ ಅಂಕಿಯ ಚೀಟಿ. ಸಮಯವನ್ನು ಅಳೆಯಲು ಒಂದು ಪುಟ್ಟ ಎಲೆಕ್ಟ್ರಾನಿಕ್ ಪಟ್ಟಿ. ನೆಲದ ಮೇಲೆ ಹಾಸಿದ ಚಾಪೆಯನ್ನು ದಾಟಿದ ಕ್ಷಣದಿಂದ ಅವರವರ ಸಮಯ ಆರಂಭವಾಗುತ್ತದೆ. ಆದ್ದರಿಂದ ಹಿಂದಿನ ಸಾಲಿನಲ್ಲಿ ನಿಂತವನಿಗೆ ನಷ್ಟವಿಲ್ಲ, ನುಗ್ಗಾಟ ಬೇಕಿಲ್ಲ.

ಹೊಸ ಓಟಗಾರನು ಮಾಡಬಾರದ ಎರಡು ತಪ್ಪುಗಳನ್ನು ನಾನು ತಪ್ಪದೆ ಮಾಡಿದೆ. ಒಂದು, ಅಂದೇ ಹೊಸ ಕಾಲುಚೀಲ ತೊಟ್ಟದ್ದು. ಓಟದ ದಿನ ಹೊಸ ವಸ್ತ್ರ, ಹೊಸ ಆಹಾರ, ಹೊಸ ಬೂಟು ಯಾವುದೂ ಕೂಡದು. ಆರನೆಯ ಕಿಲೋಮೀಟರಿಗೆ ಎಡ ಹಿಮ್ಮಡಿಯಲ್ಲಿ ಬೊಬ್ಬೆಯೆದ್ದಿತು. ಎರಡು, ಸುತ್ತಲಿನವರ ಉತ್ಸಾಹದಲ್ಲಿ ಕೊಚ್ಚಿಹೋಗಿ ಮೊದಲ ಕಿಲೋಮೀಟರನ್ನು ನನ್ನ ಶಕ್ತಿಮೀರಿ ಓಡಿದ್ದು. ಮಗಳು ಪಕ್ಕದಲ್ಲಿ ಬಂದು, ‘ಅಪ್ಪಾ, ಒಂದು ಶ್ಲೋಕ ಹೇಳಿ’ ಎಂದಳು. ಬಾಯಿ ತೆರೆದೆ, ಉಸಿರಲ್ಲದೆ ಬೇರೇನೂ ಹೊರಡಲಿಲ್ಲ. ‘ಹಾಗಾದರೆ ನಡೆಯೋಣ’ ಎಂದಳು. ನಡೆದೆವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದ್ದರೂ ಮೇ ತಿಂಗಳ ಬೆಳಗು ತಂಪಾಗಿರುವುದಿಲ್ಲ. ಗಾಳಿಯಲ್ಲಿ ತೇವವಿದ್ದರೆ ಬೆವರು ಆರುವುದಿಲ್ಲ, ದೇಹ ತಣಿಯುವುದಿಲ್ಲ. ಅಲ್ಲಲ್ಲಿ ಸ್ವಯಂಸೇವಕರು ನೀರು ಕೊಡುತ್ತಿದ್ದರು. ಬಾಯಾರಿಕೆಗೆ ತಕ್ಕಷ್ಟು ಗುಟುಕು ಗುಟುಕಾಗಿ ಕುಡಿಯಬೇಕೇ ಹೊರತು ಹೊಟ್ಟೆ ತುಂಬ ಕುಡಿಯಬಾರದು. ಅತಿಯಾದ ನೀರು ರಕ್ತದ ಉಪ್ಪಿನಂಶವನ್ನು ಇಳಿಸಿ ಅಪಾಯ ತರಬಲ್ಲುದು.

ಹಲಸೂರು ಕೆರೆಯ ಸಮೀಪ ಬರುವ ಹೊತ್ತಿಗೆ ಉಸಿರು ಲಯಕ್ಕೆ ಬಂದಿತ್ತು. ರಸ್ತೆಯ ಎರಡೂ ಬದಿ ನಿಂತ ಅಪರಿಚಿತರು ಚಪ್ಪಾಳೆ ತಟ್ಟುತ್ತಿದ್ದರು. ‘ತಾತಾ, ಸೂಪರ್!’ ಎಂದು ಒಬ್ಬ ಬಾಲಕ ಕೂಗಿದ. ಜೀವಮಾನದಲ್ಲಿ ನನಗೆ ಸನ್ಮಾನಗಳಾಗಿವೆ, ಶಾಲು ಹೊದಿಸಿದ್ದಾರೆ. ಆ ಕೂಗಿನಷ್ಟು ಸಂತೋಷವನ್ನು ಅವು ಕೊಟ್ಟಿರಲಿಲ್ಲ.

‘ನೀನು ಓಡು’

ಮಗಳು ಆರಂಭದಿಂದಲೂ ನನ್ನ ಪಕ್ಕವನ್ನು ಬಿಟ್ಟಿರಲಿಲ್ಲ. ನಾನು ಓಡಿದಾಗ ಅವಳು ವೇಗವಾಗಿ ನಡೆಯುತ್ತಿದ್ದಳು. ನಾನು ನಡೆದಾಗ ಅವಳು ನಿಂತುನಿಂತು ಬರುತ್ತಿದ್ದಳು. ಎಂಟನೆಯ ಕಿಲೋಮೀಟರಿನ ಫಲಕ ಕಾಣಿಸಿತು. ಅವಳ ಸ್ನೇಹಿತೆಯರ ಗುಂಪು ಬಹಳ ಮೊದಲೇ ಮುಂದೆ ಸಾಗಿತ್ತು. ಅವಳ ಹೆಜ್ಜೆಯನ್ನು ಗಮನಿಸಿದೆ. ಹಿಡಿದಿಟ್ಟ ಕರುವಿನಂತೆ ಅವಳ ಕಾಲುಗಳು ಮುಂದಕ್ಕೆಳೆಯುತ್ತಿದ್ದವು. ಅವಳು ಅವನ್ನು ನನಗಾಗಿ ತಡೆಯುತ್ತಿದ್ದಳು. ನನಗೆ ಥಟ್ಟನೆ ಹೊಳೆಯಿತು: 24 ವರ್ಷಗಳ ನಂತರವೂ ಈ ಹುಡುಗಿಯ ಓಟವನ್ನು ನಾನೇ ತಡೆಯುತ್ತಿದ್ದೇನೆ.

ನಡಿಗೆಗಿಳಿದು ಹೇಳಿದೆ: ‘ನೀನು ಓಡು. ನಾನು ಬರುತ್ತೇನೆ.’

‘ಪರವಾಗಿಲ್ಲ ಅಪ್ಪಾ, ಜೊತೆಗೇ ಮುಗಿಸೋಣ.’

‘ಇಲ್ಲ. ಅಂದು ಬೇಡವೆಂದದ್ದು ನನ್ನ ತಪ್ಪು. ಪರೀಕ್ಷೆಯ ಕಾರಣ ಸುಳ್ಳು. ನೀನು ಓಡು.’

ಅವಳು ಒಂದು ಕ್ಷಣ ನಿಂತು ನನ್ನ ಮುಖವನ್ನು ನೋಡಿದಳು. ಏನೂ ಹೇಳಲಿಲ್ಲ. ನನ್ನ ಜೇಬಿನಲ್ಲಿ ಬೆಲ್ಲವಿದೆಯೇ ಎಂದು ಮುಟ್ಟಿ ನೋಡಿ, ತಿರುಗಿ, ಓಡಿದಳು.

ಓದುಗರೇ, ನನ್ನ ಮಗಳು ಓಡುವುದನ್ನು ನಾನು ನೋಡಿದ್ದು ಅದೇ ಮೊದಲು. ತಾಲ್ಲೂಕು ಕೂಟಕ್ಕೂ ನಾನು ಹೋಗಿರಲಿಲ್ಲ. ತಲೆ ಅಲುಗದೆ, ಭುಜ ಸಡಿಲವಾಗಿ, ನೆಲವನ್ನು ತಟ್ಟಿಯೂ ತಟ್ಟದಂತೆ, ಗುಂಪಿನ ನಡುವೆ ದಾರಿ ಮಾಡಿಕೊಂಡು ಅವಳು ಹೋದಳು. ರಸ್ತೆಯ ತಿರುವಿನಲ್ಲಿ ಕಣ್ಮರೆಯಾಗುವವರೆಗೆ ನಿಂತು ನೋಡಿದೆ. ಓಟದ ನಡುವೆ ಹಾಗೆ ನಿಲ್ಲಬಾರದು; ಆದರೆ ನಿಂತೆ. ಆ ಶಿಕ್ಷಕರು ಅಂದು ಏಕೆ ಮನೆಗೆ ಬಂದಿದ್ದರೆಂಬುದು ನನಗೆ ಅರ್ಥವಾಯಿತು.

ಉಳಿದ 2 ಕಿಲೋಮೀಟರುಗಳನ್ನು ಬೊಬ್ಬೆಯ ಕಾಲೆಳೆಯುತ್ತ ಒಬ್ಬನೇ ಪೂರೈಸಿದೆ. ಮುಕ್ತಾಯದ ಗೆರೆಯ ಆಚೆ ಅವಳು ಕಾಯುತ್ತಿದ್ದಳು. ಎಂಟೊಂಬತ್ತು ನಿಮಿಷ ಮೊದಲೇ ಬಂದಿದ್ದಳು. ಮುಖ ಕೆಂಪೇರಿತ್ತು. ಅದು ಬೆವರೋ ಕಣ್ಣೀರೋ ನಾನು ಕೇಳಲಿಲ್ಲ. ಅವಳೂ ನನ್ನನ್ನು ಕೇಳಲಿಲ್ಲ. ನನ್ನ ಸಮಯ 1 ಗಂಟೆ 34 ನಿಮಿಷ.

ಅದೇ ದಿನ ಶ್ರೇಷ್ಠರ ವಿಭಾಗದಲ್ಲಿ ಇಥಿಯೋಪಿಯದ ಆಂದಮ್‌ಲಾಕ್ ಬೆಲಿಹು 28 ನಿಮಿಷದೊಳಗೆ 10 ಕಿಲೋಮೀಟರು ಓಡಿ ಗೆದ್ದರು. ನಾನು ಒಮ್ಮೆ ಮುಗಿಸುವಷ್ಟರಲ್ಲಿ ಅವರು ಮೂರು ಬಾರಿ ಮುಗಿಸಿ ಸ್ನಾನಕ್ಕೂ ಹೋಗಬಹುದಾಗಿತ್ತು. ಮಹಿಳೆಯರಲ್ಲಿ ಕೀನ್ಯಾದ ಆಗ್ನೆಸ್ ಟಿರೊಪ್ ಗೆದ್ದರು. ಹಿಂದಿನ ವರ್ಷವೂ ಅವರೇ ಗೆದ್ದಿದ್ದರು. ಮರುದಿನ ಪತ್ರಿಕೆಯಲ್ಲಿ ಆ ತರುಣಿಯ ಚಿತ್ರವನ್ನು ನೋಡಿದ ನೆನಪು ಮಾಸಿಲ್ಲ. ಆಕೆ ಹುಟ್ಟಿದ್ದು 1995ರಲ್ಲಿ, ನಾನು ನನ್ನ ಮಗಳ ಬೂಟನ್ನು ಅಟ್ಟಕ್ಕೇರಿಸಿದ ವರ್ಷ. 2021ರ ಸೆಪ್ಟೆಂಬರಿನಲ್ಲಿ ಮಹಿಳೆಯರೇ ಓಡುವ 10 ಕಿಲೋಮೀಟರು ರಸ್ತೆ ಓಟದಲ್ಲಿ ಆಕೆ ವಿಶ್ವದಾಖಲೆ ಸ್ಥಾಪಿಸಿದರು. ಮುಂದಿನ ತಿಂಗಳೇ, ತನ್ನ ಮನೆಯಲ್ಲಿ, 25ರ ವಯಸ್ಸಿನಲ್ಲಿ ಕೊಲೆಗೀಡಾದರು. ಹೆಣ್ಣುಮಗಳು ಓಡಲು ಹೊರಗೆ ಹೋದರೆ ಅಪಾಯವೆಂದು ನಾವು ಅಂಜುತ್ತೇವೆ. ಜಗತ್ತಿನ ರಸ್ತೆಗಳೆಲ್ಲ ಆಕೆಯನ್ನು ಕಾಪಾಡಿದವು, ಮನೆ ಕಾಪಾಡಲಿಲ್ಲ. ಈ ಮಾತನ್ನು ತಂದೆತಾಯಂದಿರು ಆಲೋಚಿಸಬೇಕು.

ಮನೆಮಂದಿಗೆ ಎರಡು ಮಾತು

ಅಂದಿನಿಂದ ನಾನು ಓಟವನ್ನು ಬಿಟ್ಟಿಲ್ಲ, ಹೆಚ್ಚಿಸಿಯೂ ಇಲ್ಲ. ವಾರಕ್ಕೆ ಮೂರು ದಿನ, ಓಟ-ನಡಿಗೆ ಸೇರಿ 4 ಕಿಲೋಮೀಟರು. ಸಕ್ಕರೆ ಹತೋಟಿಯಲ್ಲಿದೆ, ಗುಳಿಗೆ ನಿಂತಿಲ್ಲ. ಓಟದಿಂದ ಔಷಧವನ್ನೇ ಬಿಟ್ಟೆನೆಂದು ಹೇಳುವವರ ಮಾತಿಗೆ ಮರುಳಾಗದಿರಿ. ಅದು ವೈದ್ಯರು ತೀರ್ಮಾನಿಸಬೇಕಾದ ವಿಷಯ. ಎದೆಯಲ್ಲಿ ಬಿಗಿತ, ತಲೆಸುತ್ತು, ಎಡತೋಳಿನಲ್ಲಿ ಅಥವಾ ದವಡೆಯಲ್ಲಿ ನೋವು ಕಂಡರೆ ಆ ಕ್ಷಣವೇ ನಿಲ್ಲಬೇಕು. ಗೆರೆ ಎಲ್ಲಿಗೂ ಓಡಿಹೋಗುವುದಿಲ್ಲ.

ವಯಸ್ಸಾಯಿತೆನ್ನುವ ಹಿರಿಯರಿಗೆ ಫೌಜಾ ಸಿಂಗ್ ಅವರ ನೆನಪು ಸಾಕು. ಪಂಜಾಬಿನ ರೈತರಾಗಿದ್ದ ಅವರು, ಮಗನ ಮರಣದ ದುಃಖವನ್ನು ನುಂಗಲು ಇಂಗ್ಲೆಂಡಿನಲ್ಲಿ ಓಡತೊಡಗಿ, 2000ದಲ್ಲಿ 89ರ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಪೂರೈಸಿದರು. 2011ರಲ್ಲಿ ಟೊರೊಂಟೊದಲ್ಲಿ ಮ್ಯಾರಥಾನ್ ಮುಗಿಸಿದಾಗ ಅವರಿಗೆ 100 ವರ್ಷ. ಹುಟ್ಟಿದ ದಾಖಲೆ ಇಲ್ಲದ ಕಾರಣ ಗಿನ್ನೆಸ್ ಸಂಸ್ಥೆ ಅದನ್ನು ದಾಖಲೆಯೆಂದು ಮನ್ನಿಸಲಿಲ್ಲ. ಅದರಿಂದ ಅವರು ಓಡಿದ 42 ಕಿಲೋಮೀಟರು ಒಂದಡಿಯೂ ಕಡಿಮೆಯಾಗಲಿಲ್ಲ. 2025ರ ಜುಲೈನಲ್ಲಿ ತಮ್ಮ ಹುಟ್ಟೂರಿನ ಬಳಿ ರಸ್ತೆ ದಾಟುವಾಗ ವಾಹನ ಬಡಿದು ಅವರು ತೀರಿಕೊಂಡರು.

ಇನ್ನು ತಂದೆಯರಿಗೆ. ನಿಮ್ಮ ಮನೆಯ ಮಗಳು ಓಡುತ್ತಿದ್ದರೆ, ಈಜುತ್ತಿದ್ದರೆ, ಆಟವಾಡುತ್ತಿದ್ದರೆ, ಒಮ್ಮೆ ಮೈದಾನಕ್ಕೆ ಹೋಗಿ ನೋಡಿ. ಬೇಡವೆನ್ನುವ ಮೊದಲು ನೋಡಿ. ಶಿಕ್ಷಕರು ಮನೆಗೆ ಬಂದರೆ ಚಹ ಕೊಟ್ಟು ಕಳುಹಿಸಿಬಿಡಬೇಡಿ. ಅವರು ಏನನ್ನು ಕಂಡು ಬಂದಿದ್ದಾರೆಂದು ಕೇಳಿ. ನನ್ನ ಮಗಳು ಜಿಲ್ಲೆಯಲ್ಲಿ ಗೆಲ್ಲುತ್ತಿದ್ದಳೋ ಇಲ್ಲವೋ ಯಾರಿಗೂ ತಿಳಿಯದು. ತಿಳಿದುಕೊಳ್ಳುವ ಅವಕಾಶವನ್ನೇ ನಾನು ಇಲ್ಲವಾಗಿಸಿದೆ. ಎಂಟನೆಯ ಕಿಲೋಮೀಟರಿನಲ್ಲಿ ನಾನು ಕೊಟ್ಟದ್ದು ಬರಿಯ 2 ಕಿಲೋಮೀಟರು. 24 ವರ್ಷಗಳನ್ನು ಕೊಡಲು ನನ್ನಿಂದ ಸಾಧ್ಯವಿಲ್ಲ.

ಕಳೆದ ದೀಪಾವಳಿಗೆ ಅಟ್ಟವನ್ನು ಗುಡಿಸುವಾಗ ಕಾಗದದಲ್ಲಿ ಸುತ್ತಿದ್ದ ಆ ಬಿಳಿಯ ಬೂಟುಗಳು ಸಿಕ್ಕವು. ರಬ್ಬರು ಬಿರುಕುಬಿಟ್ಟಿತ್ತು, ಬಟ್ಟೆ ಹಳದಿಯಾಗಿತ್ತು. ಎಸೆಯಲು ಮನೆಯವರು ಕೈಯೆತ್ತಿದರು, ಬೇಡವೆಂದೆ. ನನ್ನ ಮೊಮ್ಮಗಳಿಗೆ ಈಗ 12 ವರ್ಷ, ಶಾಲೆಯಲ್ಲಿ ಓಡುತ್ತಾಳೆ. ಮುಂದಿನ ತಿಂಗಳು ಅವಳ ಶಾಲೆಯ ಕ್ರೀಡಾಕೂಟವಿದೆ. ನಾನು ಬೆಂಗಳೂರಿಗೆ ಹೋಗಿ ಮೈದಾನದಲ್ಲಿ ಮೊದಲ ಸಾಲಿನಲ್ಲಿ ಕುಳಿತುಕೊಳ್ಳುವವನಿದ್ದೇನೆ. ರೈಲಿನ ಟಿಕೆಟು ತೆಗೆದಿರಿಸಿದ್ದೇನೆ.